ಎಕಿಪಾಲ್ ಕುರ್ಚಿ: ಚರ್ಮ ಕಪ್ಪಾದ ಮಾತ್ರಕ್ಕೆ ನೂರು ವರ್ಷ ಹಳೆಯದಲ್ಲ

ಎಕಿಪಾಲ್ ಎಂದರೆ ಮರದ ಪಟ್ಟಿಗಳ ಬುಡದ ಮೇಲೆ ಹಂದಿಚರ್ಮ ಹೊದಿಸಿದ, ಮೆಕ್ಸಿಕೋದ ಹಲಿಸ್ಕೊ ರಾಜ್ಯದ ಕುರ್ಚಿ. ಇದರ ಚರ್ಮ ಕಪ್ಪಾಗಿ ಬಿರುಕು ಬಿಟ್ಟಿದ್ದರೆ ಅದು ನೂರು ವರ್ಷ ಹಳೆಯದು, ಹಾಗಾಗಿ ದುಬಾರಿ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಬಿಸಿಲು-ಮಳೆಗೆ ಬಿಟ್ಟ ಹಂದಿಚರ್ಮ ಕೆಲವೇ ವರ್ಷಗಳಲ್ಲಿ ಹಾಗಾಗುತ್ತದೆ. ಬಣ್ಣ ಬಳಿದೂ ಕಪ್ಪಾಗಿಸಬಹುದು.

ಕುರ್ಚಿಯನ್ನು ಬೋರಲು ಹಾಕಿ ಬುಡ ನೋಡಿ. ಅಲ್ಲಿ ಮರದ ಪಟ್ಟಿಗಳು ಓರೆಯಾಗಿ ಒಂದನ್ನೊಂದು ದಾಟುತ್ತವೆ. ಪಟ್ಟಿಗಳನ್ನು ಬಿಗಿದ ಕಟ್ಟಿನಡಿ ಮರ ತಿಳಿಯಾಗಿದ್ದು ಹೊರಗೆ ಮಾಸಿದ್ದರೆ ಸಹಜವಾಗಿ ಹಳತಾದದ್ದಿರಬಹುದು. ಸಂದಿಯೊಳಗೂ ಒಂದೇ ಕಡುಬಣ್ಣವಿದ್ದರೆ ಬಳಿದದ್ದೆಂದು ಶಂಕಿಸಲೇಬೇಕು. ಅಂಚಿನ ಮರದಲ್ಲಿ ಬಳಕೆಯಲ್ಲಿಲ್ಲದ ಹಳೆಯ ತೂತುಗಳು ಕಂಡರೆ ಬಹುಶಃ ಚರ್ಮ ಬದಲಾಗಿದೆ. ಪಟ್ಟಿ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಹಿಡಿದಿದೆ. ಬಿರುಕು ಬಿಟ್ಟ ಚರ್ಮ ಬೆಲೆ ಇಳಿಸುತ್ತದೆ, ಏರಿಸುವುದಿಲ್ಲ.