ಸತ್ಯಾಂಶ: ವಿಮಾನದ ಅಡಿಯಲ್ಲಿ ಮಿನುಗುವ ಕೆಂಪು ದೀಪ ಏನನ್ನು ಹೇಳುತ್ತದೆ?

ರಾತ್ರಿ ನಿಲ್ದಾಣದಲ್ಲಿ ನಿಂತ ವಿಮಾನದ ಅಡಿಯಲ್ಲಿ ಕೆಂಪು ದೀಪ ಮಿನುಗಿದರೆ ಒಳಗೆ ಅಪಾಯವಿದೆ, ಪೈಲಟ್ ನೆರವು ಕೋರುತ್ತಿದ್ದಾರೆ ಎಂಬ ಸಂದೇಶ ಆಗಾಗ ಹರಿದಾಡುತ್ತಿರುತ್ತದೆ. ಇದು ನಿಜವಲ್ಲ. ರಸ್ತೆಯಲ್ಲಿ ಕೆಂಪನ್ನು ಅಪಾಯವೆಂದೇ ಕಲಿತ ನಮಗೆ ಹಾಗೆನಿಸುವುದು ಸಹಜ.

ಬೀಕನ್ ಎಂದು ಕರೆಯುವ ಈ ದೀಪವನ್ನು ಎಂಜಿನ್ ಚಾಲೂ ಮಾಡುವ ಮುನ್ನ ಹೊತ್ತಿಸಿ, ಎಂಜಿನ್ ನಿಲ್ಲಿಸಿದ ಬಳಿಕವೇ ಆರಿಸುತ್ತಾರೆ. ಜೆಟ್ ಎಂಜಿನ್ ಎದುರಿಗಿರುವುದನ್ನು ಒಳಕ್ಕೆ ಸೆಳೆಯಬಲ್ಲದು, ಹಿಂದಿರುವುದನ್ನು ಬಿಸಿಗಾಳಿಯಿಂದ ಎತ್ತಿ ಎಸೆಯಬಲ್ಲದು. ಕಿವಿಗೆ ರಕ್ಷಾಕವಚ ತೊಟ್ಟು, ಸುತ್ತಲಿನ ಗದ್ದಲದಲ್ಲಿ ಯಾವ ಎಂಜಿನ್ ತಿರುಗುತ್ತಿದೆಯೆಂದು ಕೇಳಿ ತಿಳಿಯಲಾಗದ ನೆಲದ ಸಿಬ್ಬಂದಿಗೆ ದೂರವಿರಿ ಎಂದು ಹೇಳುವುದೇ ಅದರ ಕೆಲಸ. ಆ ಅರ್ಥದಲ್ಲಿ ಅದು ಎಚ್ಚರಿಕೆಯೇ ಹೌದು, ಆದರೆ ಹೊರಗಿರುವವರಿಗೆ. ಎಡ ರೆಕ್ಕೆಯ ತುದಿಯ ಕೆಂಪು, ಬಲದ ಹಸಿರು, ಬಾಲದ ಬಿಳಿ ದೀಪಗಳು ಹಡಗುಗಳಿಂದ ಬಂದ ಪದ್ಧತಿಯಾಗಿದ್ದು, ಕತ್ತಲಲ್ಲಿ ವಿಮಾನ ಯಾವ ಕಡೆಗೆ ಮುಖಮಾಡಿದೆ ಎಂಬುದನ್ನು ತೋರಿಸುತ್ತವೆ. ಕಣ್ಣು ಕೋರೈಸುವ ಬಿಳಿ ಸ್ಟ್ರೋಬ್ ದೀಪಗಳನ್ನು ಸಾಮಾನ್ಯವಾಗಿ ರನ್‌ವೇ ಪ್ರವೇಶಿಸುವಾಗಲಷ್ಟೇ ಹಚ್ಚುತ್ತಾರೆ.

ನಿಜವಾದ ತುರ್ತು ಸಂದರ್ಭದಲ್ಲಿ ಪೈಲಟ್ ರೇಡಿಯೋ ಮೂಲಕ ಮಾತನಾಡುತ್ತಾರೆ. ಹಾರಾಟದಲ್ಲಿದ್ದರೆ, ನೆಲದ ರಾಡಾರ್‌ಗೆ ವಿಮಾನದ ಗುರುತನ್ನು ಕಳುಹಿಸುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣದಲ್ಲಿ ತುರ್ತು ಸ್ಥಿತಿಯನ್ನು ಸೂಚಿಸುವ 7700 ಸಂಕೇತವನ್ನೂ ಹಾಕಬಹುದು.

ಇಂಥ ಸಂದೇಶ ಬಂದಾಗ ಅದರಲ್ಲಿ ಸ್ಥಳ, ದಿನಾಂಕ, ವಿಮಾನದ ಸಂಖ್ಯೆ ಇವೆಯೇ ಎಂದು ಮೊದಲು ನೋಡಬಹುದು. ಇನ್ನೂ ಸುಲಭದ ದಾರಿಯೆಂದರೆ, ಟರ್ಮಿನಲ್‌ನ ಗಾಜಿನ ಬಳಿ ಅರ್ಧ ಗಂಟೆ ನಿಂತು ಹೊರಡುವ ವಿಮಾನಗಳನ್ನು ಗಮನಿಸುವುದು: ಒಂದಾದ ಮೇಲೊಂದು, ಎಲ್ಲವೂ ಆ ಕೆಂಪು ದೀಪವನ್ನು ಮಿನುಗಿಸುತ್ತಲೇ ಹೊರಡುತ್ತವೆ.