ಕಂಚಿನ ಬಟ್ಟಲು, ಕರೆಂಟಿನ ಮಳೆ

ಚಿಕ್ಕಮಗಳೂರಿನಲ್ಲಿ ನೆಮ್ಮದಿಗೂ ದರಪಟ್ಟಿ ಬಂದಿದೆ. ಮುಳ್ಳಯ್ಯನಗಿರಿಯ ತಪ್ಪಲಿನ ಹೋಂಸ್ಟೇಯೊಂದರವರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೆಯ ಪಲ್ಪರ್ ಯಂತ್ರವನ್ನು ಗುಜರಿಗೆ ಹಾಕಿ, ಆ ಕಟ್ಟಡದ ಗೋಡೆಗೆ ಕಾವಿ ಬಣ್ಣ ಬಳಿದು, ಅಲ್ಲಿ ಬಟ್ಟಲು ಬಾರಿಸಿ ಅದರ ನಾದ ಕೇಳಿಸುವ 'ನಾದಸ್ನಾನ'ವನ್ನು ಆರಂಭಿಸಿದ್ದಾರೆ. ಒಂದು ಗಂಟೆ ಚಾಪೆಯ ಮೇಲೆ ಮಲಗಿ ಏಳುವುದಕ್ಕೆ ತಲೆಗೆ 2,500 ರೂಪಾಯಿ. ಬೆಂಗಳೂರಿನ ನನ್ನ ಭಾವಮೈದುನ ಮುಂಗಡವಾಗಿ ಹಣ ಕಟ್ಟಿದ್ದರಿಂದ ಕಳೆದ ಆಷಾಢದ ಒಂದು ಭಾನುವಾರ ನಾನೂ ಹೋದೆ. ಸ್ನಾನವೆಂಬ ಮಾತನ್ನು ನಂಬಿ ಟವೆಲ್ ಹಿಡಿದು ಹೋದವನು ನಾನೊಬ್ಬನೇ.

ಬಟ್ಟಲು ಬಾರಿಸುವ ಯುವಕ ಮೊದಲು ಪ್ರವಚನ ಮಾಡಿದ. ಬಟ್ಟಲಿನಲ್ಲಿ ಏಳು ಗ್ರಹಗಳ ಏಳು ಲೋಹಗಳಿವೆಯೆಂದೂ, ಅದು ಪ್ರಕೃತಿಯ ಸ್ವಂತ ಶ್ರುತಿಯಾದ 432 ಹರ್ಟ್ಜ್‌ನಲ್ಲಿ ನುಡಿಯುತ್ತದೆಯೆಂದೂ, ಜಗತ್ತಿನ ಖಿನ್ನತೆಗೆಲ್ಲ 440 ಹರ್ಟ್ಜ್ ಕಾರಣವೆಂದೂ ಹೇಳಿದ. ಇಂಥ ಬಟ್ಟಲುಗಳು ಬಹುಮಟ್ಟಿಗೆ ತಾಮ್ರ ಮತ್ತು ತವರ ಬೆರೆತ ಕಂಚು, ಅಂದರೆ ನಮ್ಮ ಅಟ್ಟದ ಮೇಲೆ ಮಗುಚಿ ಬಿದ್ದಿರುವ ಅಜ್ಜಿಯ ಬೋಗುಣಿಯ ಸೋದರಸಂಬಂಧಿಗಳು. 440ರದ್ದು ಇನ್ನೂ ಸಪ್ಪೆ ಕಥೆ: ವಾದ್ಯಗಳು ಒಂದಕ್ಕೊಂದು ಹೊಂದಿಕೊಳ್ಳಲಿ ಎಂದು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1955ರಲ್ಲಿ ಒಪ್ಪಿಕೊಂಡ ಅಳತೆ ಅದು. ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕವಾದ್ದರಿಂದ, ಪ್ರಕೃತಿಯು ಗಡಿಯಾರ ಕಟ್ಟಿಕೊಂಡು ಓಡಾಡುತ್ತದೆ ಎಂದು ನಂಬುವವರಿಗೆ ಮಾತ್ರ 432 ಪವಿತ್ರವಾಗಬಲ್ಲದು. ನಮ್ಮ ಗಾಯಕರಂತೂ ತಮ್ಮ ಕಂಠಕ್ಕೆ ಒಗ್ಗಿದ ಶ್ರುತಿಗೆ ತಂಬೂರಿ ಕೂಡಿಸಿಕೊಂಡು ಹಾಡುತ್ತ ಬಂದವರು. ಅವರಲ್ಲಿ ಯಾರಿಗೂ ಈ ಸಂಖ್ಯೆ ಹೊಳೆಯಲಿಲ್ಲ, ಪಾಪ.

ಬಟ್ಟಲಿನ ನಾದ ಹಿತವಾಗಿಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅಮೆರಿಕದಲ್ಲಿ 62 ಜನರನ್ನು ಹೀಗೆಯೇ ಮಲಗಿಸಿ ನಡೆಸಿದ, 2017ರ ಪತ್ರಿಕೆಯಲ್ಲಿ ಅಚ್ಚಾದ ಅಧ್ಯಯನವೊಂದರಲ್ಲಿ ಅವರ ಉದ್ವೇಗ, ದಣಿವು ಇಳಿದದ್ದು ಕಂಡುಬಂದಿತ್ತು. ಆದರೆ ಬಟ್ಟಲಿಲ್ಲದೆ ಸುಮ್ಮನೆ ಮಲಗಿಸಿದ ಇನ್ನೊಂದು ಗುಂಪು ಹೋಲಿಕೆಗೆ ಇರಲಿಲ್ಲವಾದ್ದರಿಂದ, ಗುಣ ಕೊಟ್ಟದ್ದು ಕಂಚೋ ಚಾಪೆಯೋ ಎಂಬುದು ಅದರಿಂದ ಇತ್ಯರ್ಥವಾಗುವುದಿಲ್ಲ. ಬಾಗಿಲಲ್ಲೇ ನಮ್ಮ ಮೊಬೈಲುಗಳನ್ನು ಬುಟ್ಟಿಗೆ ಹಾಕಿಸಿಕೊಂಡಿದ್ದರು. ನನ್ನ ಅನುಮಾನವೆಲ್ಲ ಆ ಬುಟ್ಟಿಯ ಮೇಲೆಯೇ.

ಪಕ್ಕದ ಚಾಪೆಯ ದಂಪತಿ ಹಿಂದಿನ ರಾತ್ರಿ ನಿದ್ದೆಯಿಲ್ಲವೆಂದು ಗೊಣಗುತ್ತಿದ್ದರು. ಕಾರಣ ಅದೇ ಹೋಂಸ್ಟೇಯ ಅಂಗಳದಲ್ಲಿ ನಡುರಾತ್ರಿ ಒಂದರವರೆಗೆ ಕುಣಿದ ಡಿಜೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬಲ್. ಶನಿವಾರ ರಾತ್ರಿ ಕಿವಿ ಕೆಡಿಸಿ ಭಾನುವಾರ ಬೆಳಿಗ್ಗೆ ಅದೇ ಕಿವಿಗೆ ಮದ್ದು ಮಾರುವ ಈ ಜಾಣ್ಮೆಯ ಮುಂದೆ ಕಾಫಿ ಬೆಲೆಯನ್ನು ನೆಚ್ಚಿಕೊಂಡ ನಮ್ಮಂಥ ಬೆಳೆಗಾರರು ತೀರಾ ದಡ್ಡರು.

ಅಷ್ಟರಲ್ಲಿ ಮಳೆ ಶುರುವಾಯಿತು. ಪಲ್ಪರ್ ಮನೆಯದು ತಗಡಿನ ಮಾಡು. ಅದರ ಮೇಲೆ ಬೀಳುವ ಆಷಾಢದ ಮಳೆ ಎಂಥ ಜೋಗುಳವೆಂದು ಮಲೆನಾಡಿನಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ನಾನು ನಿದ್ದೆಗೆ ಜಾರುತ್ತಿದ್ದೆ. ಯುವಕ ಗಾಬರಿಯಿಂದ ಎದ್ದು, "ಡಿಸ್ಟರ್ಬ್ ಆಗ್ತಿದೆ, ಸಾರಿ ಸರ್" ಎನ್ನುತ್ತ ಕಿಟಕಿಗಳನ್ನೆಲ್ಲ ಮುಚ್ಚಿ, ಮೂಲೆಯ ಸ್ಪೀಕರಿನ ಸದ್ದನ್ನು ಏರಿಸಿದ. ಅದರಲ್ಲಿ ಬರುತ್ತಿದ್ದುದು ಯಾವುದೋ ದೇಶದ ಕಾಡಿನಲ್ಲಿ ಮುದ್ರಿಸಿಕೊಂಡ ಮಳೆಯ ಸದ್ದು.

ಐದು ನಿಮಿಷಕ್ಕೆ, ನಮ್ಮೂರಿನ ಮಳೆಗಾಲದ ಪದ್ಧತಿಯಂತೆ, ಕರೆಂಟು ಹೋಯಿತು. ಸ್ಪೀಕರ್ ಬಾಯಿ ಮುಚ್ಚಿತು, ತಗಡಿನ ಮೇಲಿನ ಮಳೆ ಮಾತ್ರ ಉಳಿಯಿತು. ಭಾವಮೈದುನ ಮಲಗಿದಲ್ಲಿಂದಲೇ, "ಭಾವ, ಮಳೆ ನಿಂತುಹೋಯ್ತಲ್ಲ, ದುಡ್ಡು ವಾಪಸ್ ಕೊಡ್ತಾರಾ?" ಎಂದು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಕಟ್ಟಡದ ಹಿಂದೆ ಡೀಸೆಲ್ ಜನರೇಟರು ಗುಡುಗಿ ನೆಲವನ್ನೇ ನಡುಗಿಸಿತು, ಸ್ಪೀಕರಿನಲ್ಲಿ ಮಳೆ ಮತ್ತೆ ಶುರುವಾಯಿತು, ಎಲ್ಲರೂ ಸಮಾಧಾನದಿಂದ ಕಣ್ಣು ಮುಚ್ಚಿದರು.