ಶಾಸಕರೇ, ಸದನದಲ್ಲಿ ಏನಾಯ್ತು ಅಂತ ನಮಗೂ ಬಂದು ಹೇಳಿ

ಶಾಸಕ ಅಂದರೆ ಶಾಸನ ಮಾಡುವವರು. ಕೆಲಸ ಏನು ಅಂತ ಹೆಸರಲ್ಲೇ ಇದೆ. ಆದರೆ ನಮ್ಮ ಕಡೆ ಎಮ್ಮೆಲ್ಲೆ ಬಗ್ಗೆ ಮಾತು ಬಂದರೆ ರಸ್ತೆ, ಸಮುದಾಯ ಭವನ, ಹೈಮಾಸ್ಟ್ ದೀಪ, ಮದುವೆಗೆ ಬಂದರೋ ಇಲ್ಲವೋ, ಇಷ್ಟಕ್ಕೇ ಮುಗಿಯುತ್ತದೆ. ಬೆಂಗಳೂರಲ್ಲೋ ಬೆಳಗಾವಿಯಲ್ಲೋ ಕೂತು ಅವರು ಯಾವ ಕಾನೂನಿಗೆ ಒಪ್ಪಿದರು, ಅದರಿಂದ ನಮ್ಮ ಮನೆಯಲ್ಲಿ ಏನು ಬದಲಾಗುತ್ತದೆ ಅಂತ ನಾವು ಕೇಳುವುದಿಲ್ಲ. ಅವರೂ ಹೇಳುವುದಿಲ್ಲ. ಇದು ಯಾವುದೋ ಒಂದು ಪಕ್ಷದ ಮಾತಲ್ಲ. ಎಲ್ಲ ಪಕ್ಷದವರನ್ನೂ ನೋಡಿದ ಮೇಲೆ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆಯಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿರುವವನು. ಅರ್ಜಿ, ಅಫಿಡವಿಟ್, ದೂರು, ಪಹಣಿ ತಿದ್ದುಪಡಿ, ದಿನಾ ಇದೇ ಕೆಲಸ. ಸರ್ಕಾರ ಹೊಸ ಕಾನೂನು ತಂದರೆ ಅದು ನನ್ನ ಅಂಗಡಿಗೆ ಗಾಳಿಮಾತಾಗಿ ಬರುತ್ತದೆ. "ಅಣ್ಣ, ಹಿಂಗಂತೆ, ಹೌದಾ?" ಅಂತ ಯಾರಾದರೂ ಕೇಳಿದಾಗಲೇ ನನಗೂ ಎಷ್ಟೋ ಸಲ ಗೊತ್ತಾಗುವುದು.

2025ರ ಫೆಬ್ರವರಿ ಕೊನೆಯಲ್ಲಿ ಒಬ್ಬ ಅಮ್ಮ ಬಂದರು. ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುವವರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಕಂತಿನ ಕಾರ್ಡ್, ಆಧಾರ್ ಜೆರಾಕ್ಸ್, ಒಂದು ಹಳೇ ಫೋಟೋ. "ಫೈನಾನ್ಸ್ ಸಾಲ ಎಲ್ಲಾ ಮನ್ನಾ ಆಯ್ತಂತೆ ಅಣ್ಣ. ಅದಕ್ಕೊಂದು ಅರ್ಜಿ ಬರೆದುಕೊಡ್ರಿ" ಅಂದರು. ಕೂರಿಸಿ ವಿಚಾರಿಸಿದೆ. ಅವರಿಗೆ ಎರಡು ಸಾಲ ಇತ್ತು. ಒಂದು ಸಂಘದ ಮೂಲಕ ಕಂಪನಿಯಿಂದ ತಗೊಂಡಿದ್ದು, ವಾರದ ಕಂತು. ಇನ್ನೊಂದು ಬೀದಿಯಲ್ಲಿ ಬಡ್ಡಿಗೆ ಕೊಡುವ ಒಬ್ಬರಿಂದ ಕೈಸಾಲ. ಲೈಸೆನ್ಸ್ ಇಲ್ಲ, ರಸೀದಿ ಇಲ್ಲ. ಆ ಮನುಷ್ಯ ಇವರ ರೇಷನ್ ಕಾರ್ಡನ್ನೇ ಇಟ್ಟುಕೊಂಡಿದ್ದ.

ಮನ್ನಾ ಆಯ್ತು ಅನ್ನೋ ಮಾತು ನಂಬಿ ಅವರು ಕಂಪನಿ ಕಂತನ್ನು ಮೂರು ವಾರ ನಿಲ್ಲಿಸಿದ್ದರು. ಬೀದಿಯವನಿಗೆ ಮಾತ್ರ ಹೆದರಿಕೊಂಡು ತಪ್ಪದೆ ಕಟ್ಟುತ್ತಿದ್ದರು.

ಆವತ್ತು ಮಧ್ಯಾಹ್ನ ಊಟ ಬಿಟ್ಟು ಮೊಬೈಲಲ್ಲಿ ಈ ಮಾತು ಹುಟ್ಟಿಸಿದ ಸುಗ್ರೀವಾಜ್ಞೆ, ಅಂದರೆ ಸದನ ನಡೆಯದಿದ್ದಾಗ ತರುವ ತಾತ್ಕಾಲಿಕ ಕಾನೂನು, ಹುಡುಕಿ ಓದಿದೆ. ಕರ್ನಾಟಕ ಕಿರುಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಅಧ್ಯಾದೇಶ, 2025. ಒಂದು ಸಲ ರಾಜ್ಯಪಾಲರಿಂದ ವಾಪಸ್ ಬಂದು, ಆಮೇಲೆ ಫೆಬ್ರವರಿ 12ಕ್ಕೆ ಅಂಕಿತ ಬಿದ್ದಿತ್ತು. ನನ್ನಂಥ ದಿನಾ ಕಾಗದದ ಜೊತೆ ಬದುಕುವವನಿಗೇ ಮೂರು ಸಲ ಓದಬೇಕಾಯಿತು. ಅದರಲ್ಲಿ ಎಲ್ಲ ಸಾಲ ಮನ್ನಾ ಅಂತ ಎಲ್ಲೂ ಇಲ್ಲ. ಲೈಸೆನ್ಸ್, ನೋಂದಣಿ ಏನೂ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಮತ್ತು ಬಡ್ಡಿ ತೀರಿದಂತೆ ಅಂತ ಇದೆ. ಬೆದರಿಸುವುದು, ಬೆನ್ನು ಹತ್ತುವುದು, ಸರ್ಕಾರಿ ಸೌಲಭ್ಯದ ದಾಖಲೆಗಳನ್ನ ಕಿತ್ತಿಟ್ಟುಕೊಳ್ಳುವುದು ಅಪರಾಧ ಅಂತ ಇದೆ. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ತಗೊಳ್ಳಲ್ಲ ಅನ್ನುವಂತಿಲ್ಲ ಅಂತಲೂ ಇದೆ.

ಅಂದರೆ ಆ ಅಮ್ಮ ಮಾಡಿದ್ದು ಪೂರ್ತಿ ಉಲ್ಟಾ. ಕಟ್ಟಬೇಕಾದ ಕಡೆ ನಿಲ್ಲಿಸಿದ್ದರು, ಕಾನೂನು ಬೆನ್ನಿಗಿದ್ದ ಕಡೆ ನಡುಗಿಕೊಂಡು ಕಟ್ಟುತ್ತಿದ್ದರು. ತಪ್ಪು ಅವರದ್ದಲ್ಲ. ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಆ ಅಮ್ಮನ ಓಣಿಗೆ ಯುಗಾದಿ ಶುಭಾಶಯದ ಫ್ಲೆಕ್ಸ್ ಬರುತ್ತದೆ, ದಸರಾ ಫ್ಲೆಕ್ಸ್ ಬರುತ್ತದೆ. ಅದೇ ಅಳತೆಯ ಬಟ್ಟೆಯ ಮೇಲೆ ನಾಲ್ಕು ಸಾಲು, "ಈ ಕಾನೂನು ಬಂದಿದೆ, ಇಂಥ ಸಾಲಕ್ಕೆ ಮಾತ್ರ, ಕಾರ್ಡ್ ಕಿತ್ತುಕೊಂಡರೆ ಇಲ್ಲಿ ದೂರು ಕೊಡಿ" ಅಂತ ಇದ್ದಿದ್ದರೆ ಆಕೆಗೆ ಮೂರು ವಾರದ ದಂಡ ಉಳಿಯುತ್ತಿತ್ತು. ಮಾರ್ಚ್ ಅಧಿವೇಶನದಲ್ಲಿ ಅದೇ ಮಸೂದೆಯಾಗಿ ಬಂದು ಪಾಸಾಯಿತು. ಸುಗ್ರೀವಾಜ್ಞೆ ಅಂದರೆ ಸದನ ಸೇರಿದ ಆರು ವಾರದಲ್ಲಿ ಕಾನೂನು ಮಾಡಬೇಕು, ಇಲ್ಲದಿದ್ದರೆ ಬಿದ್ದುಹೋಗುತ್ತದೆ. ಈ ಸಣ್ಣ ವಿಷಯ ಕೂಡ ನಮಗೆ ಯಾರೂ ಹೇಳಿಕೊಡಲಿಲ್ಲ.

ಇನ್ನೊಂದು ನನ್ನ ಮನೆಯ ಮಾತು.

ನಮ್ಮಪ್ಪನಿಗೆ ಭದ್ರಾ ನಾಲೆಯ ಕೊನೇ ಭಾಗದಲ್ಲಿ ಎರಡು ಎಕರೆ ಗದ್ದೆ. ಅಚ್ಚುಕಟ್ಟು ಅಂತ ಪಹಣಿಯಲ್ಲಿದೆ, ನೀರು ಇರುವುದು ಮಾತ್ರ ಮೇಲಿನವರು ಬಿಟ್ಟಾಗ. ಲಕ್ಕವಳ್ಳಿಯ ಭದ್ರಾ ಡ್ಯಾಂ 186 ಅಡಿ ತುಂಬಿದ ವರ್ಷವೂ ನಮ್ಮ ತೂಬಿನಲ್ಲಿ ಮೊಣಕಾಲಿಗಿಂತ ಜಾಸ್ತಿ ನೀರು ಬಂದಿದ್ದು ಕಡಿಮೆ. ರಾತ್ರಿ ಹನ್ನೊಂದಕ್ಕೆ ನಾಲೆ ನೀರು ಬಿಡುವ ಸೌಡಿ ಫೋನ್ ಮಾಡಿ "ನೀರು ಇಳಿದೈತಿ, ಬರ್ರಿ ಗೌಡ್ರೆ" ಅಂದರೆ ಎಪ್ಪತ್ತು ದಾಟಿದ ಮನುಷ್ಯ ಬ್ಯಾಟರಿ, ಗುದ್ದಲಿ ಹಿಡಿದು ಹೊರಡುತ್ತಾರೆ. ಒಂದು ರಾತ್ರಿ ನಾನೂ ಹೋಗಿದ್ದೆ. ಬದುವಿನ ಮೇಲೆ ಕೂತು ಇಬ್ಬರೂ ಕಾಲುವೆಗೆ ಬ್ಯಾಟರಿ ಬಿಟ್ಟುಕೊಂಡು ನೋಡುತ್ತಿದ್ದೆವು. ನೀರು ಬಂತು. ಒಂದು ಗೇಣು. ಹಾಕಿದ್ದ ಭತ್ತದ ಕಡ್ಡಿ ತೇಲಿ ಮುಂದೆ ಹೋಗುವ ಬದಲು ನಿಂತಲ್ಲೇ ತಿರುಗುತ್ತಿತ್ತು. ಅರ್ಧ ತಾಸಿನಲ್ಲಿ ಅದೂ ಇಳಿಯಿತು. ಮೇಲೆ ಎಲ್ಲೋ ಮೋಟರ್ ಚಾಲೂ ಆಗಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಗುದ್ದಲಿ ತೊಳೆದುಕೊಂಡು ಎದ್ದರು.

2024ರ ಜುಲೈನಲ್ಲಿ ಮಳೆಗಾಲದ ಅಧಿವೇಶನದಲ್ಲಿ ಕರ್ನಾಟಕ ನೀರಾವರಿ ತಿದ್ದುಪಡಿ ಮಸೂದೆ ಪಾಸಾಯಿತು. ನಾಲೆಗೆ ಅಕ್ರಮವಾಗಿ ಮೋಟರ್ ಇಟ್ಟು ನೀರೆತ್ತಿದರೆ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ. ನಾಲೆಯಿಂದ 500 ಮೀಟರ್ ಒಳಗೆ ಬೋರ್ ಕೊರೆಸುವುದಕ್ಕೂ ತಡೆ. ಕೊನೇ ಭಾಗದ ರೈತರಿಗೆ ನೀರು ತಲುಪಲಿ ಅಂತಲೇ ತಂದ ಕಾನೂನು. ನಮ್ಮಪ್ಪನಂಥವರಿಗಾಗಿಯೇ ತಂದಿದ್ದು. ನಮ್ಮಪ್ಪನಿಗೆ ಅದು ಗೊತ್ತಾಗಿದ್ದು ಒಂದು ವರ್ಷದ ಮೇಲೆ, ನಾನು ಪೇಪರಲ್ಲಿ ಓದಿ ಹೇಳಿದಾಗ.

ಇಲ್ಲಿ ಮೇಲ್ಭಾಗದವರನ್ನ ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಇಪ್ಪತ್ತು ವರ್ಷದಿಂದ ನಾಲೆ ನೀರು ನಂಬಿ ಅಡಿಕೆ ಹಾಕಿದವರು ಇದ್ದಾರೆ. ನಾಳೆ ಬೆಳಗ್ಗೆ ಇಲಾಖೆಯವರು ಬಂದು ಪೈಪ್ ಕಿತ್ತರೆ ಅವರ ತೋಟ ಒಣಗುತ್ತದೆ. ಅಡಿಕೆ ಗಿಡ ಒಂದು ಬೇಸಿಗೆ ತಡೆಯಲ್ಲ. ಅವರಿಗೂ ಮೊದಲೇ ಹೇಳಬೇಕಿತ್ತು, ಅಲ್ವಾ? ಇಂಥ ದಿನದಿಂದ ಜಾರಿ, ಅಷ್ಟರೊಳಗೆ ಹೀಗೆ ಮಾಡಿಕೊಳ್ಳಿ, ಅನುಮತಿ ಯಾರ ಹತ್ತಿರ ಕೇಳಬೇಕು ಅಂತ. ನನಗೆ ಅರ್ಥವಾಗುವುದು ಏನೆಂದರೆ, ಮೇಲಿನವರೂ ಮತದಾರರು, ಕೆಳಗಿನವರೂ ಮತದಾರರು. ಅದಕ್ಕೇ ಶಾಸಕರು ಈ ಕಾನೂನಿನ ಬಗ್ಗೆ ಎರಡೂ ಕಡೆ ಬಾಯಿ ಬಿಡುವುದಿಲ್ಲ. ಆದರೆ ಇಬ್ಬರು ಮತದಾರರ ನಡುವೆ ನಿಂತು ಮಾತಾಡುವುದಕ್ಕೇ ತಾನೆ ನಾವು ಒಬ್ಬರನ್ನ ಆರಿಸಿ ಕಳಿಸುವುದು?

2025ರ ಜೂನ್‌ನಲ್ಲಿ ಇದೇ ಆಯಿತು. ಹೊಸದುರ್ಗ, ತರೀಕೆರೆ, ಕಡೂರು ಕಡೆ ಕುಡಿಯುವ ನೀರಿಗೆ ಅಂತ ಭದ್ರಾ ಬಲದಂಡೆ ನಾಲೆ ಸೀಳಿ ಪೈಪ್ ಹಾಕುವ ಕೆಲಸ ಶುರುವಾಯಿತು. ದಾವಣಗೆರೆ ರೈತರು ಬೀದಿಗಿಳಿದರು. ನಾನೂ ಇಳಿದಿದ್ದೆ. ಆದರೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ನನ್ನ ಹೆಂಡತಿಯ ತವರು ಚಿತ್ರದುರ್ಗದ ಕಡೆ. ಅಲ್ಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಮಕ್ಕಳನ್ನ ನಾನೇ ನೋಡಿದ್ದೇನೆ. ಅವರ ಬಾಯಿಗೆ ನೀರು ಬೇಡ ಅನ್ನುವುದಕ್ಕೆ ನಾವು ಯಾರೂ ಹೋಗಿರಲಿಲ್ಲ. ಎಷ್ಟು ನೀರು, ಯಾವ ತಿಂಗಳಲ್ಲಿ, ನಮ್ಮ ಪಾಲಿಗೆ ಕಡಿಮೆ ಆಗುತ್ತಾ ಇಲ್ವಾ, ನಾಲೆಯ ಬದಲು ಡ್ಯಾಮಿನಿಂದಲೇ ಎತ್ತಬಹುದಾ, ಇಷ್ಟು ನಮಗೆ ಗೊತ್ತಿರಲಿಲ್ಲ. ಕೆಲಸ ಶುರುವಾಗುವ ಮೊದಲು ಎರಡೂ ಕಡೆಯ ಜನಪ್ರತಿನಿಧಿಗಳು ಲೆಕ್ಕ ಹಿಡಿದು ಊರೂರಿಗೆ ಬಂದು ಕೂತಿದ್ದರೆ ಅರ್ಧ ಜಗಳ ಅಲ್ಲೇ ಇಳಿಯುತ್ತಿತ್ತು.

ಭದ್ರಾ ಮೇಲ್ದಂಡೆಯದ್ದೂ ಇದೇ ಕಥೆ. ಜಗಳೂರಿನವರು, ಚಿತ್ರದುರ್ಗದವರು ಕಾಯುತ್ತಿರುವ ನೀರಾವರಿ ಯೋಜನೆ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಓದಿದಾಗ ಜಗಳೂರಿನ ಸ್ನೇಹಿತನೊಬ್ಬ ಫೋನ್ ಮಾಡಿ ಕುಣಿದಾಡಿದ್ದ. ಆಮೇಲೆ ಕೇಂದ್ರ ಕೊಟ್ಟಿಲ್ಲ ಅಂತ ಇವರು, ರಾಜ್ಯ ದಾಖಲೆ ಕೊಟ್ಟಿಲ್ಲ ಅಂತ ಅವರು. ಅವನಿಗೆ ಬೇಕಿರುವುದು ಇಷ್ಟೇ: ಫೈಲ್ ಈಗ ಯಾರ ಮೇಜಿನ ಮೇಲಿದೆ?

ಸದನದ ಒಳಗಿನ ಒಂದು ಸಂಗತಿ ತುಂಬ ಜನಕ್ಕೆ ಗೊತ್ತಿಲ್ಲ, ನನಗೂ ಇತ್ತೀಚೆಗೆ ಗೊತ್ತಾಗಿದ್ದು. ನಮ್ಮ ವಿಧಾನಸಭೆಯಲ್ಲಿ 224 ಜನ ಇದ್ದಾರೆ. ಸಾಮಾನ್ಯವಾಗಿ ಮಸೂದೆ ಪಾಸಾಗುವುದು ಧ್ವನಿಮತದಿಂದ. ಪರವಾಗಿರುವವರು ಹೌದು ಅನ್ನಿ, ವಿರೋಧ ಇರುವವರು ಇಲ್ಲ ಅನ್ನಿ ಅಂತ ಸಭಾಧ್ಯಕ್ಷರು ಕೇಳುತ್ತಾರೆ. ಒಟ್ಟಿಗೆ ಕೂಗಿದ್ದು ಯಾವ ಕಡೆ ಜಾಸ್ತಿ ಅಂತ ನೋಡಿ ಅಂಗೀಕಾರ. ಯಾರಾದರೂ ಪಟ್ಟು ಹಿಡಿದು ವಿಭಜನೆ ಮತ ಕೇಳಿದರೆ ಮಾತ್ರ ಹೆಸರಿನ ಸಮೇತ ಲೆಕ್ಕ ಸಿಗುತ್ತದೆ. ಅಂದರೆ ನನ್ನ ಶಾಸಕರು ನೀರಾವರಿ ತಿದ್ದುಪಡಿಗೆ ಹೌದು ಅಂದರಾ, ಇಲ್ಲ ಅಂದರಾ, ಸುಮ್ನೆ ಕೂತಿದ್ದರಾ ಅಂತ ಯಾವ ಪುಸ್ತಕದಲ್ಲಿ ಹುಡುಕಿದರೂ ನನಗೆ ಸಿಗುವುದಿಲ್ಲ. ಅವರೇ ಹೇಳಬೇಕು. ಬೇರೆ ದಾರಿಯೇ ಇಲ್ಲ. ಪ್ರಶ್ನೋತ್ತರದಲ್ಲಿ ಕೇಳಿದ ಪ್ರಶ್ನೆ, ಅದಕ್ಕೆ ಮಂತ್ರಿ ಕೊಟ್ಟ ಉತ್ತರ ಅಚ್ಚಾಗಿ ಸಿಗುತ್ತದೆ, ನಿಜ. ಅದನ್ನ ಹುಡುಕಿ ಓದುವಷ್ಟು ಬಿಡುವು ಗದ್ದೆಯಲ್ಲಿ ಇರುವವರಿಗೆ ಎಲ್ಲಿದೆ?

ಇದನ್ನ ಅಂಗಡಿಯಲ್ಲಿ ಹೇಳಿದಾಗ ಒಬ್ಬ ಗೆಳೆಯ "ಜನಕ್ಕೆ ಕಾನೂನು ಎಲ್ಲ ತಲೆಗೆ ಹೋಗಲ್ಲ ಬಿಡೋ" ಅಂದ. ನಾನು ಒಪ್ಪುವುದಿಲ್ಲ. ಗೃಹಜ್ಯೋತಿ ನೋಡಿ. ಬರೀ 200 ಯೂನಿಟ್ ಅಂತಲ್ಲ, ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಒಂದಿಷ್ಟು ಜಾಸ್ತಿ, ಇಷ್ಟೆಲ್ಲ ಲೆಕ್ಕ ಇದೆ ಅದರಲ್ಲಿ. ಓದು ಬರಹ ಬಾರದ ಹೆಣ್ಣುಮಕ್ಕಳು ನನ್ನ ಅಂಗಡಿಯಲ್ಲಿ ಕರೆಂಟ್ ಬಿಲ್ ಚಾಚಿ "ನಂದು ಸರಾಸರಿ 62 ಐತಲ್ಲ, ಈ ತಿಂಗಳು ಯಾಕ್ ಬಿಲ್ ಬಂತು?" ಅಂತ ಕೇಳುತ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಯಾವ ಬಸ್ಸಿಗೆ ಟಿಕೆಟ್ ಇಲ್ಲ, ಯಾವುದಕ್ಕೆ ಇದೆ ಅಂತ ವಾರದಲ್ಲಿ ಎಲ್ಲರಿಗೂ ಬಾಯಿಪಾಠ. ಯಾಕೆ? ಹೇಳಿದರು. ಊರೂರಿಗೆ, ಮೈಕ್ ಹಿಡಿದು, ಸಾವಿರ ಸಲ ಹೇಳಿದರು. ಹೇಳಿದರೆ ಜನಕ್ಕೆ ಎಲ್ಲಾ ತಲೆಗೆ ಹೋಗುತ್ತದೆ.

ಅಧಿವೇಶನ ಮುಗಿದ ಮೇಲೆ ಒಂದು ದಿನ ನಮಗೆ ಕೊಡಿ. ದೊಡ್ಡ ಪೆಂಡಾಲ್ ಬೇಡ, ಹಾರ ಬೇಡ. ಗ್ರಾಮಸಭೆ ಅಂತ ಕಾನೂನಿನಲ್ಲೇ ಇದೆ, ಅಲ್ಲಿಗೇ ಬಂದು ಅರ್ಧ ತಾಸು ನಿಂತು ಮಾತಾಡಿ. ಯಾವ ಮಸೂದೆ ಬಂತು, ನಮ್ಮ ತಾಲ್ಲೂಕಿಗೆ ಅದರಲ್ಲಿ ಏನಿದೆ, ನೀವು ಏನು ಅಂದಿರಿ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಹೇಳಿ, ನಾವು ಅರ್ಥಮಾಡಿಕೊಳ್ಳುತ್ತೇವೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಳು ಕಳೆದವು. ನಡುವೆ ಕೇಳುವುದಕ್ಕೆ ಬೇರೆ ಸದಸ್ಯರೂ ಇಲ್ಲದೆ ನಿಮ್ಮ ಮೇಲೇ ಎಲ್ಲ ಭಾರ ಬಿದ್ದಿದೆ, ಅದೂ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ, ಯಾಕೆಂದರೆ ಆ ಸದನದ ಒಳಗೆ ನಮ್ಮ ಪರವಾಗಿ ಕೂತಿರುವವರು ನೀವೊಬ್ಬರೇ.

ಆ ಅಮ್ಮನ ವಿಷಯ ಮರೆತೆ. ಕಂಪನಿಗೆ ಹೋಗಿ ಬಾಕಿ ಕಂತಿಗೆ ಸಮಯ ಕೇಳಿಕೊಂಡರು. ಬೀದಿಯವನ ಬಗ್ಗೆ ದೂರು ಟೈಪ್ ಮಾಡಿ ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ದೂರು ಠಾಣೆಯವರೆಗೂ ಹೋಗಲೇ ಇಲ್ಲ. ಅದರ ಒಂದು ಜೆರಾಕ್ಸ್ ನೋಡಿದ್ದಕ್ಕೇ ಆ ಮನುಷ್ಯ ಮರುದಿನ ಸಂಜೆ ರೇಷನ್ ಕಾರ್ಡ್ ಮನೆಗೆ ತಂದುಕೊಟ್ಟನಂತೆ.

ನಿನ್ನೆ ನಮ್ಮ ಶಾಸಕರ ಕಚೇರಿಗೆ ಒಂದು ಪತ್ರ ಟೈಪ್ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಮೂರೇ ಪ್ರಶ್ನೆ. ನೀರಾವರಿ ತಿದ್ದುಪಡಿ ಬಂದ ಮೇಲೆ ನಮ್ಮ ಕ್ಷೇತ್ರದ ನಾಲೆಗಳಲ್ಲಿ ಎಷ್ಟು ಅಕ್ರಮ ಪಂಪ್‌ಸೆಟ್ ತೆಗೆಸಲಾಗಿದೆ? ಆ ಮಸೂದೆ ಬಂದ ದಿನ ತಾವು ಸದನದಲ್ಲಿ ಇದ್ದಿರಾ, ಏನು ಹೇಳಿದಿರಿ? ನಮ್ಮ ಊರಿನ ಗ್ರಾಮಸಭೆಗೆ ಯಾವಾಗ ಬರುತ್ತೀರಿ? ಅಪ್ಪ ಕೂಡ ಸಹಿ ಹಾಕಿದ್ದಾರೆ, ಜೊತೆಗೆ ಅದೇ ತೂಬಿನ ಹನ್ನೊಂದು ಜನ. ತಲುಪಿದ್ದಕ್ಕೆ ಸ್ವೀಕೃತಿ ಬಂದರೆ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ಉತ್ತರ ಬಂದರೆ ಉತ್ತರವನ್ನೂ.